ಬೆಣ್ಣೆ ಬಾರದ ದಿನಗಳು

ಕೆಂಪಾಪುರದ ಮುನಿವೆಂಕಟಮ್ಮನ ಮನೆಯ ಬೆಣ್ಣೆಗೆ ಆರ್.ಟಿ. ನಗರದವರೆಗೂ ಹೆಸರಿತ್ತು. ಕಡೆಯುವವಳು ಮುನಿವೆಂಕಟಮ್ಮ, ಮಾರಲು ಹೋಗುವವಳು ಸೊಸೆ ಲಕ್ಕಮ್ಮ. ಮುದುಕಿ ಬೆಳಿಗ್ಗೆ ಎದ್ದು, ಮುಖ ತೊಳೆದು, ನಡುಮನೆಯ ಕಂಬದ ಬಳಿ ಕೂತಳೆಂದರೆ ಕಡಗೋಲಿನ ಸದ್ದು ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಆ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಲಕ್ಕಮ್ಮ ಮದುವೆಯಾಗಿ ಬಂದು ಎಷ್ಟೋ ವರ್ಷವಾಗಿದ್ದರೂ ಕಡಗೋಲಿನ ಹಗ್ಗ ಅವಳ ಕೈಗೆ ಸಿಕ್ಕಿದ್ದು ಅತ್ತೆಗೆ ಜ್ವರ ಬಂದ ದಿನಗಳಲ್ಲಿ ಮಾತ್ರ.

ಎಪ್ಪತ್ತಾರನೇ ಇಸವಿಯ ಮಾಗಿಯಲ್ಲಿ ಒಂದು ಬೆಳಿಗ್ಗೆ ಆ ಮನೆಯಲ್ಲಿ ಬೆಣ್ಣೆ ಬರಲಿಲ್ಲ.

ಮುನಿವೆಂಕಟಮ್ಮ ಎಳೆದಳು, ಎಳೆದಳು. ಬಿಸಿಲು ಹಜಾರದೊಳಗೆ ಬಂದರೂ ಮಡಕೆಯಲ್ಲಿ ಬರೀ ನೊರೆ. ಮಾರನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಮುದುಕಿ ಹಗ್ಗ ಬಿಟ್ಟು, ಸೊಸೆಯ ಮುಖ ನೋಡಿ ಕೇಳಿದಳು.

"ಆಚೆಮೊನ್ನೆ ಸಂಜೆ ಆ ಬೂಬಮ್ಮ ಯಾಕ್ ಬಂದಿದ್ಲು?"

ಅತ್ತೆ ಆಗ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು, ನೋಡಿರಲಾರಳು ಎಂದು ಲಕ್ಕಮ್ಮ ಎಣಿಸಿದ್ದಳು.

"ಮಗೀಗೆ ವಸಿ ಎಪ್ಪು ಕೇಳಾಕ್ ಬಂದಿದ್ಲು ಅತ್ತೆ. ಮಗಾ ಉಸಾರಿಲ್ವಂತೆ."

"ಕೊಟ್ಟಾ?"

"ಒಂದೇ ಒಂದ್ ಚಮಚ."

"ದೀಪ ಅಚ್ಚಿದ್ ಮ್ಯಾಲೆ ಎಪ್ಪು ಕೊಡ್ತಾರೇನೇ! ಮನೆ ಬೆಣ್ಣೇನೆಲ್ಲ ಲೋಟದಾಗ್ ಉಯ್ದು ಕಳಿಸ್ಬುಟ್ಯಲ್ಲೇ!"

ಬೂಬಮ್ಮ ಎಂದು ಅವಳು ಹೇಳಿದ್ದು ಅಕ್ಬರಿಯನ್ನು. ಅಕ್ಬರಿ, ಅವಳ ಗಂಡ ಮುಜಫ್ಫರ್, ಪುಟ್ಟ ಮಗಳು ತಾಹೆರಾ ಆ ವರ್ಷದ ದಸರಾ ಮುಗಿದ ಮೇಲೆ ಇದೇ ಜಿಲ್ಲೆಯ ವಿಜಯಪುರದ ಕಡೆಯಿಂದ ಬಂದು ಊರ ಮುಂದಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಮುಜಫ್ಫರ್ ಎತ್ತುಗಳಿಗೆ ಲಾಳ ಕಟ್ಟುವವನು. ಯಶವಂತಪುರದ ಮಂಡಿಗೆ ಹೋಗಿಬರುವ ಗಾಡಿಗಳು ರಸ್ತೆಯಲ್ಲಿ ಸಾಲುಗಟ್ಟುತ್ತಿದ್ದ ಕಾಲ ಅದು. ಇಲ್ಲೇ ನೆಲೆ ನಿಂತರೆ ಕೈತುಂಬ ಕೆಲಸ ಎಂದು ಬಂದಿದ್ದರು.

ಹೆಪ್ಪಿನ ಮಾತು ಆ ದಿನವೇ ಬೀದಿ ಸುತ್ತಿತು. ಯಾರೂ ಅಕ್ಬರಿಯನ್ನು ಬೈಯಲಿಲ್ಲ, ಜಗಳಕ್ಕೆ ಬರಲಿಲ್ಲ. ಅವಳು ಬಾವಿಗೆ ಹೋದರೆ ಅಲ್ಲಿದ್ದ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು, ಅಷ್ಟೇ. ಬಾಗಿಲಲ್ಲಿ ಹಸು ಕಟ್ಟಿದ್ದವರು ಅವಳು ಬರುವುದನ್ನು ಕಂಡರೆ ಹಸುವಿನ ಮುಂದೆ ಬಂದು ನಿಲ್ಲುತ್ತಿದ್ದರು. ಬ್ಯಾಟರಾಯಪ್ಪ ಎಂಬ ಗಾಡಿಯವನು ತನ್ನ ಎತ್ತುಗಳಿಗೆ ಲಾಳ ಕಟ್ಟಿಸಲು ಯಲಹಂಕಕ್ಕೆ ಹೊಡೆದುಕೊಂಡು ಹೋದ. ಮುಜಫ್ಫರ್ ಕೇಳಿದ್ದಕ್ಕೆ, "ಮನೇಲಿ ಬ್ಯಾಡ ಅಂದವ್ರೆ, ನಾನೇನ್ ಮಾಡ್ಲಿ ಸಾಬ್ರೇ?" ಎಂದು ನೆಲ ನೋಡಿದ.

ಅಕ್ಬರಿ ಅತ್ತಿದ್ದು ಒಂದೇ ಸಲ, ಅದೂ ಒಲೆಯ ಮುಂದೆ. ಆಮೇಲೆ ಗಂಡನಿಗೆ ಉರ್ದುವಿನಲ್ಲಿ ಹೇಳಿದಳು: "ಮತ್ತಿಕೆರೆಯಲ್ಲಿ ನನ್ನ ಅಣ್ಣ ಇದ್ದಾನಲ್ಲ, ಅಲ್ಲಿಗೇ ಹೋಗೋಣ. ಇಲ್ಲಿ ನನ್ನ ನೆರಳೂ ಇವರಿಗೆ ಬೇಡವಾಗಿದೆ."

ಹೊರಡುವ ಮೊದಲು ಮಗುವನ್ನು ಒಮ್ಮೆ ತೋರಿಸಿಬರೋಣವೆಂದು ಅವಳು ಸಿಸ್ಟರ್ ನೋರಾ ಅವರ ಬಳಿಗೆ ಹೋದಳು.

ಊರಾಚೆ ದೊಡ್ಡ ರಸ್ತೆಯ ಮಗ್ಗುಲಲ್ಲಿ ಎರಡು ಕೋಣೆಯ ಹೆಂಚಿನ ಮನೆ. ಸಿಸ್ಟರ್ ನೋರಾ ಅಲ್ಲಿ ಔಷಧಿ ಕೊಡುತ್ತಿದ್ದರು, ಗಾಯ ಕಟ್ಟುತ್ತಿದ್ದರು, ಹೆರಿಗೆಗೆ ಕರೆದರೆ ಸೈಕಲ್ ಹತ್ತಿ ಬರುತ್ತಿದ್ದರು. ಐರ್ಲೆಂಡಿನ ಪಡುವಣ ತೀರದ ಒಂದು ಹಳ್ಳಿಯವರು. ಹುಡುಗಿಯಾಗಿದ್ದಾಗ ಹಡಗು ಹತ್ತಿ ಬಂದವರಿಗೆ ಈಗ ತಲೆಗೂದಲು ಬೆಳ್ಳಗಾಗಿತ್ತು. ಕನ್ನಡವನ್ನು ಒಬ್ಬ ಪಂಡಿತರಿಂದ ಕಲಿತಿದ್ದರಿಂದ ಪುಸ್ತಕದ ಹಾಗೆ ಮಾತಾಡುತ್ತಿದ್ದರು. ಊರಿನವರಿಗೆ ಅವರು ನೂರಮ್ಮ. ಅಕ್ಬರಿಗೂ ಆ ಹೆಸರು ಹಿಡಿಸಿತ್ತು. ಅವಳ ಭಾಷೆಯಲ್ಲಿ ನೂರ್ ಎಂದರೆ ಬೆಳಕು.

ನೋರಾ ತಾಹೆರಾಳ ಹೊಟ್ಟೆ ಮುಟ್ಟಿ ನೋಡಿ, ನಾಲಿಗೆ ನೋಡಿ, "ಚೆನ್ನಾಗಿದ್ದಾಳೆ. ಮೊಸರನ್ನ ಕೊಟ್ಟೆಯಲ್ಲವೇ?" ಎಂದರು.

"ಕೊಟ್ಟೆ ಸಿಸ್ಟ್ರಮ್ಮ. ಮಗು ವಾಸಿಯಾಯ್ತು. ಊರು ಬಿಡ್ಬೇಕಾಯ್ತು," ಎಂದಳು ಅಕ್ಬರಿ. ಬೇಡವೆಂದುಕೊಂಡರೂ ಎಲ್ಲವನ್ನೂ ಹೇಳಿಬಿಟ್ಟಳು.

ನೋರಾ ನಗಲಿಲ್ಲ. ಇದೆಲ್ಲ ಮೂಢನಂಬಿಕೆ ಎನ್ನಲೂ ಇಲ್ಲ. ಕೈಯಲ್ಲಿದ್ದ ಬಾಟಲಿಯ ಬಿರಡೆಯನ್ನು ಹಾಕಿ, ತೆಗೆದು, ಮತ್ತೆ ಹಾಕಿ, ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತರು.

"ನನ್ನ ತಾಯಿಗೂ ಹೀಗೆಯೇ ಆಯಿತು," ಎಂದರು.

ಅಕ್ಬರಿ ತಲೆಯೆತ್ತಿ ನೋಡಿದಳು.

"ನಮ್ಮ ಊರಿನಲ್ಲಿ ಒಲೆಯ ಬೆಂಕಿ ವರ್ಷವೆಲ್ಲ ಆರುತ್ತಿರಲಿಲ್ಲ. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚುವುದು, ಬೆಳಿಗ್ಗೆ ಊದುವುದು. ಮೇ ತಿಂಗಳ ಮೊದಲನೆಯ ದಿನ ಮಾತ್ರ ಯಾರೂ ಯಾರಿಗೂ ಬೆಂಕಿ ಕೊಡುವುದಿಲ್ಲ, ಹಾಲು ಕೊಡುವುದಿಲ್ಲ. ಆ ದಿನ ಕೊಟ್ಟರೆ ಆ ವರ್ಷದ ಬೆಣ್ಣೆಯೆಲ್ಲ ತೆಗೆದುಕೊಂಡವರ ಮನೆಗೆ ಹೋಗುತ್ತದೆ ಎಂದು ನಂಬಿಕೆ. ನನ್ನ ತಾಯಿ ಬೇರೆ ಊರಿನಿಂದ ಮದುವೆಯಾಗಿ ಬಂದವಳು. ಆ ಬೆಳಿಗ್ಗೆ ಮಳೆ ಸುರಿದು ನಮ್ಮ ಒಲೆ ಆರಿತ್ತು. ನಾನು ತೊಟ್ಟಿಲಲ್ಲಿದ್ದೆ. ಚಳಿ. ಅವಳು ಪಕ್ಕದ ಮನೆಗೆ ಹೋಗಿ ಒಂದು ಕೆಂಡ ಕೇಳಿದಳು."

"ಕೊಟ್ರಾ?"

"ಕೊಡಲಿಲ್ಲ. ಕೇಳಿದ್ದೇ ಸಾಕಾಯಿತು. ಆ ಬೇಸಿಗೆಯಲ್ಲಿ ಅವರ ಮನೆಯಲ್ಲಿ ಬೆಣ್ಣೆ ಬರಲಿಲ್ಲ. ನಮ್ಮಲ್ಲಿ ಇನ್ನೊಂದು ಪದ್ಧತಿ ಉಂಟು. ಒಂದು ಮನೆಯಲ್ಲಿ ಮಜ್ಜಿಗೆ ಕಡೆಯುತ್ತಿರುವಾಗ ಯಾರೇ ಒಳಗೆ ಬರಲಿ, ಪಾದ್ರಿಯೇ ಬರಲಿ, 'ದೇವರು ಈ ಕೆಲಸವನ್ನು ಹರಸಲಿ' ಎಂದು ಹೇಳಿ ಕಡಗೋಲಿಗೆ ಕೈ ಹಾಕಲೇಬೇಕು. ಹಾಕಿದರೆ ಅವರಿಂದ ಕೇಡಿಲ್ಲ. ಆಮೇಲೆ ನನ್ನ ತಾಯಿಯನ್ನು ಯಾರೂ ಒಳಗೆ ಕರೆಯಲಿಲ್ಲ. ನಾನು ಅವಳ ಕೈ ಹಿಡಿದು ನಡೆಯುವಾಗ, ಯಾವುದಾದರೂ ಮನೆಯಿಂದ ಕಡೆಯುವ ಸದ್ದು ಕೇಳಿದರೆ ಅವಳು ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತಿದ್ದಳು. ಆ ಮನೆಯವರಿಗೆ ಬಾಗಿಲು ಹಾಕಿಕೊಳ್ಳುವ ಕಷ್ಟ ಬೇಡವೆಂದು."

"ಒಬ್ರೂ ಕರೀಲಿಲ್ವಾ?"

"ಇಲ್ಲ. ಅವಳು ಸಾಯುವವರೆಗೂ ಕರೆಯಲಿಲ್ಲ."

ಮಗು ಬೆಂಚಿನಿಂದ ಜಾರಿ ಇಳಿದು ಬಾಗಿಲಿನ ಕಡೆಗೆ ಓಡಿತು. ಅಕ್ಬರಿ ಅದನ್ನು ಹಿಡಿದು ತಂದಳು. ನೋರಾ ಎದ್ದರು.

"ಮೊಸರು ಕೊಡು ಎಂದು ನಿನಗೆ ಹೇಳಿದವಳು ನಾನು. ಇನ್ನೆರಡು ದಿನ ಊರು ಬಿಡಬೇಡ. ನನಗಾಗಿ."

ಮಾರನೆಯ ಬೆಳಿಗ್ಗೆ ಹೆಬ್ಬಾಳದ ಕೆರೆಯ ಮಂಜು ಇನ್ನೂ ಗದ್ದೆಯ ಮೇಲೆ ಕವಿದಿದ್ದಾಗಲೇ ನೋರಾ ಸೈಕಲ್ಲನ್ನು ಮುನಿವೆಂಕಟಮ್ಮನ ಜಗುಲಿಗೆ ಒರಗಿಸಿದರು. ಒಳಗೆ ಮುದುಕಿ ಹಗ್ಗ ಎಳೆಯುತ್ತಿದ್ದಳು. ನೋರಾ ನಮಸ್ಕಾರ ಕೂಡ ಹೇಳದೆ, "ದೇವರು ಈ ಕೆಲಸವನ್ನು ಹರಸಲಿ," ಎಂದು ನೇರವಾಗಿ ಬಂದು ಅವಳ ಕೈಯಿಂದ ಹಗ್ಗ ತೆಗೆದುಕೊಂಡರು. ಲಕ್ಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ತನಗೇ ಸಿಗದ ಹಗ್ಗ!

"ಇದೇನ್ ನೂರಮ್ಮಾ ಇದು?" ಎಂದಳು ಮುದುಕಿ, ಬೆರಗಾಗಿ.

"ನಮ್ಮ ದೇಶದ ಪದ್ಧತಿ ಅಜ್ಜಿ. ಕಡೆಯುವ ಮನೆಗೆ ಬಂದವರು ಕೈ ಹಾಕಬೇಕು. ಇಲ್ಲವಾದರೆ ಬೆಣ್ಣೆ ಅವರ ಹಿಂದೆ ಹೊರಟುಹೋಗುತ್ತದೆ."

"ನಿಮ್ ದೇಸ್ದಾಗೂ ಬೆಣ್ಣೆ ಓಗ್ತದಾ?"

"ಹೋಗುತ್ತದೆ."

ಮುನಿವೆಂಕಟಮ್ಮನಿಗೆ ಆ ಚಳಿಯಲ್ಲೂ ಹುರುಪು ಬಂದುಬಿಟ್ಟಿತು. ಬಿಳಿಯರ ದೇಶದಲ್ಲಿ ದೃಷ್ಟಿ, ಮಾಟ, ಗಾಳಿ ಏನೂ ಇಲ್ಲ, ಬರೀ ಸೂಜಿ ಮದ್ದು ಎಂದು ಅವಳು ತಿಳಿದಿದ್ದಳು. ಕೇಳಿದಳು, ಕೇಳಿದಳು. ನೋರಾ ಹಗ್ಗ ಎಳೆಯುತ್ತಲೇ ಹೇಳಿದರು. ಹಾಲು ಕರೆಯುವಾಗ ಮೊದಲ ಹನಿಗಳನ್ನು ನೆಲಕ್ಕೆ ಬಿಡುವುದು, ಗುಡ್ಡದೊಳಗೆ ವಾಸಿಸುವ ಕಣ್ಣಿಗೆ ಕಾಣದವರ ಪಾಲಿಗೆ. ಹೊಲದ ನಡುವೆ ಒಂಟಿಯಾಗಿ ನಿಂತ ಮುಳ್ಳಿನ ಗಿಡವನ್ನು ಕಡಿಯದಿರುವುದು, ಅದು ಅವರದು ಎಂದು. ಬೆಳಗಿನ ಜಾವ ಮೊಲದ ರೂಪದಲ್ಲಿ ಬಂದು ಹಸುವಿನ ಕೆಚ್ಚಲಿಗೆ ಬಾಯಿ ಹಾಕುವ ಮುದುಕಿ.

"ಮೊಲವಾ!" ಮುನಿವೆಂಕಟಮ್ಮ ನಕ್ಕು ನಕ್ಕು ಕೆಮ್ಮಿದಳು. "ನಮ್ಮಲ್ಲಿ ಕೇರೆ ಆವು ಬಂದು ಕುಡೀತದೆ ಅಂತಾರೆ. ಮೊಲ ಕೇಳಿರ್ನಿಲ್ಲ. ಅದಕ್ಕೇನ್ ಮದ್ದು ಮಾಡೀರಿ?"

"ಕಡೆಯುವ ಪಾತ್ರೆಯ ಕೆಳಗೆ ಕುದುರೆಯ ಲಾಳ ಇಡುತ್ತಿದ್ದರು. ಕಬ್ಬಿಣವೆಂದರೆ ಅಂಥವರಿಗೆ ಭಯ."

"ಕುದ್ರೆ ಎಲ್ಲಿಂದ ತರಾನ? ಎತ್ತಿನ ಲಾಳ ಆದಾತಾ?"

"ಆದೀತು," ಎಂದರು ನೋರಾ. "ಆದರೆ ಲಾಳ ಯಾರ ಹತ್ತಿರ ಇದೆ ಅಜ್ಜಿ?"

ಲಾಳ ಇದ್ದದ್ದು ಮುಜಫ್ಫರನ ಹತ್ತಿರ.

ನೋರಾ ಹಗ್ಗವನ್ನು ಕೆಳಗಿಟ್ಟರು. ಅವರ ಅಂಗೈ ಕೆಂಪಗಾಗಿತ್ತು. "ಲಾಳಕ್ಕಿಂತ ದೊಡ್ಡ ಮದ್ದು ಇನ್ನೊಂದು. ಯಾರಿಂದ ಬೆಣ್ಣೆ ಹೋಯಿತು ಎಂದು ಮನಸ್ಸಿಗೆ ಬಂದಿದೆಯೋ ಅವರನ್ನೇ ಕರೆದು ಹಗ್ಗ ಕೊಡಬೇಕು. ಮಗುವಿಗೆ ಮೊಸರು ಕೊಡು ಎಂದು ಅಕ್ಬರಿಗೆ ಹೇಳಿದವಳು ನಾನು, ಅದಕ್ಕಾಗಿಯೇ ಅವಳು ಹೆಪ್ಪು ಕೇಳಿದಳು. ಹಗ್ಗ ಕೊಟ್ಟೂ ಬೆಣ್ಣೆ ಬರದಿದ್ದರೆ ನನ್ನನ್ನು ಬೈಯಿರಿ."

"ನಿಮ್ಮನ್ನ್ ಯಾಕ್ ಬೈಯಾನ ತಾಯಿ..." ಮುದುಕಿ ಮಡಕೆಯ ಅಂಚನ್ನು ಬೆರಳಿನಿಂದ ಒರೆಸಿದಳು. ಕೊನೆಗೆ ಸೊಸೆಯ ಕಡೆ ತಿರುಗಿ, "ನೀನೇ ಕೊಟ್ಟೋಳು. ನೀನೇ ಓಗಿ ಕರ್ಕೊಂಡ್ ಬಾ. ಅಂಗೇ ಒಂದ್ ಲಾಳನೂ ಕೇಳು," ಎಂದಳು.

ಲಕ್ಕಮ್ಮ ಬೀದಿಯಲ್ಲಿ ಓಡಿದಂತೆಯೇ ಹೋದಳು. ಇಷ್ಟು ದಿನ ಅವಳಿಗೆ ಊಟ ಸೇರಿರಲಿಲ್ಲ. ಹೆಪ್ಪು ಕೊಟ್ಟಿದ್ದು ತನ್ನ ಕೈ, ಬೀದಿಯವರ ಕಣ್ಣಿಗೆ ಬಿದ್ದದ್ದು ಅಕ್ಬರಿ. ಬಾವಿಯ ಬಳಿ ಒಂದು ಮಾತಾಡಬಹುದಿತ್ತು. ಅತ್ತೆಗೆ ಹೆದರಿ ಆಡಿರಲಿಲ್ಲ.

ಅಕ್ಬರಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ಅಕ್ಬರೀ, ಅತ್ತೆ ಕರೀತವ್ರೆ. ಮಜ್ಜಿಗೆ ಕಡೆಯಾಕೆ. ಒಂದ್ ಲಾಳನೂ ಬೇಕಂತೆ."

"ನನ್ನನ್ನಾ?" ಅಕ್ಬರಿಯ ದನಿ ಗಡುಸಾಯಿತು. "ನಾನ್ ಬಂದ್ರೂ ಬೆಣ್ಣೆ ಬರ್ಲಿಲ್ಲ ಅಂದ್ರೆ ಲಕ್ಕಮ್ಮಕ್ಕ? ಈಗ ಸಂದೇಹ ಐತೆ, ಆಮೇಲ್ ನಿಜಾನೇ ಆಗೋಗ್ತದೆ. ಊರೋರೆಲ್ಲಾರ್ ಮುಂದೆ ಕಳ್ಳಿ ಅನ್ನಿಸ್ಕೊಳ್ಳಾಕೆ ಬರ್ಲಾ?"

ಲಕ್ಕಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. "ನಂಗೊತ್ತಿಲ್ಲ ಕಣಮ್ಮಿ. ಬೆಣ್ಣೆ ಬತ್ತದೋ ಇಲ್ವೋ ನಂಗೊತ್ತಿಲ್ಲ. ನಾನ್ ನಿನ್ ಪಕ್ಕ ಕೂತ್ಕತೀನಿ. ಅಷ್ಟು ಮಾಡ್ತೀನಿ."

ಮುಜಫ್ಫರ್ ಹೊರಗೆ ಇಕ್ಕಳ ಹಿಡಿದು ಕೂತವನು ಎದ್ದು, ಪೆಟ್ಟಿಗೆಯಲ್ಲಿ ಹುಡುಕಿ, ಹೊಸದೊಂದು ಲಾಳ ತೆಗೆದು ಪಂಚೆಯ ತುದಿಯಿಂದ ಒರೆಸಿ ಲಕ್ಕಮ್ಮನ ಪಕ್ಕದಲ್ಲಿ ಇಟ್ಟ. ಅಕ್ಬರಿ ಗಂಡನನ್ನು ನೋಡಿದಳು, ಗೋಣಿಚೀಲವನ್ನು ನೋಡಿದಳು. ಮಗಳ ಕೈ ಹಿಡಿದು ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದ, ತಾನೆಂದೂ ಕಾಣದ ಆ ಪರದೇಶದ ಹೆಂಗಸು ಅವಳ ನೆನಪಿಗೆ ಬಂದಳು. ತಾಹೆರಾಳನ್ನು ಸೊಂಟಕ್ಕೇರಿಸಿಕೊಂಡಳು.

"ನಡೀರಿ," ಎಂದಳು.

ಅವರು ಬರುವಷ್ಟರಲ್ಲಿ ಜಗುಲಿಯ ಮೇಲೆ ಅರ್ಧ ಬೀದಿ ಸೇರಿತ್ತು. ಮುನಿವೆಂಕಟಮ್ಮ ಲಾಳವನ್ನು ಮಡಕೆಯಡಿಯ ಹುಲ್ಲಿನ ಸಿಂಬಿಯೊಳಗೆ ಸೇರಿಸಿ, ಅಕ್ಬರಿಯ ಮುಖ ನೋಡದೆ ಹಗ್ಗದ ತುದಿಗಳನ್ನು ಮುಂದೆ ಮಾಡಿದಳು. ಅಕ್ಬರಿ "ಬಿಸ್ಮಿಲ್ಲಾ" ಎಂದು ಮೆಲ್ಲಗೆ ಹೇಳಿ ಹಿಡಿದಳು. ಅವಳ ತವರಿನಲ್ಲಿ ಎಮ್ಮೆಗಳಿದ್ದವು, ಕಡೆಯುವುದು ಬಾರದ ಕೆಲಸವಲ್ಲ. ಕಡಗೋಲು ಬಲಕ್ಕೆ ತಿರುಗಿತು, ಎಡಕ್ಕೆ ತಿರುಗಿತು. ಲಕ್ಕಮ್ಮ ಹೇಳಿದಂತೆಯೇ ಅವಳ ಮಗ್ಗುಲಲ್ಲಿ ಕೂತಿದ್ದಳು. ನೋರಾ ಎದುರಿಗೆ.

ಬೆಣ್ಣೆ ಬರಲಿಲ್ಲ.

ಅಕ್ಬರಿಯ ಹಣೆಯಲ್ಲಿ ಬೆವರು ಮೂಡಿತು. ತೋಳು ನೋಯತೊಡಗಿದರೂ ನಿಲ್ಲಿಸಲಿಲ್ಲ. ಜಗುಲಿಯ ಮೇಲೆ ಯಾರೋ ಪಿಸುಗುಟ್ಟಿದರು. ಒಬ್ಬಳು, "ನಾನೇಳ್ನಿಲ್ವಾ?" ಎಂದಿದ್ದು ಎಲ್ಲರಿಗೂ ಕೇಳಿಸಿತು. ಅಕ್ಬರಿಯ ಕೈ ನಿಂತಿತು. ತಾವು ಮಾಡಿದ್ದು ಸರಿಯೋ ತಪ್ಪೋ ಎಂದು ನೋರಾ ಅವರಿಗೆ ಆ ಕ್ಷಣದಲ್ಲಿ ತಿಳಿಯಲಿಲ್ಲ.

ಮುನಿವೆಂಕಟಮ್ಮ ಮುಂದೆ ಬಾಗಿದಳು. ಅಕ್ಬರಿಯ ಬಲಗೈಯನ್ನು ಹಿಡಿದು ಮೇಲೆ ತಿರುಗಿಸಿದಳು. ಅಂಗೈಯಲ್ಲಿ ಹಗ್ಗ ಉಜ್ಜಿ ಬೊಬ್ಬೆ ಎದ್ದಿತ್ತು. ಮುದುಕಿ ಅದನ್ನು ನೋಡುತ್ತ ಕೂತಳು.

"ಯಾರದೇ ನಾನೇಳ್ನಿಲ್ವಾ ಅಂದಿದ್ದು?" ಎಂದು ಜಗುಲಿಯ ಕಡೆಗೆ ಗದರಿದಳು. "ಕಳ್ತನ ಮಾಡೋಳು ಕೈಯಾಗ್ ಬೊಬ್ಬೆ ಬರೋವಂಗೆ ದುಡೀತಾಳೇನೇ? ಓಗ್ರೇ, ನಿಮ್ ನಿಮ್ ಮನೆ ಕೆಲ್ಸ ನೋಡ್ಕೋರೋಗಿ."

ಹೆಂಗಸರು ಚದುರಿದರು. ಮುದುಕಿ ಮಡಕೆಗೆ ತಟ್ಟೆ ಮುಚ್ಚಿದಳು.

"ನಾಳೆನೂ ಬಾ," ಎಂದಳು.

"ನಾಳೆನೂ ಬರ್ಲಿಲ್ಲ ಅಂದ್ರೆ ಅಜ್ಜಿ?" ಎಂದಳು ಅಕ್ಬರಿ.

"ನಾಡಿದ್ದು ಬಾ. ನನ್ ರಟ್ಟೇನೂ ಬಿದ್ದೋಗವೆ. ಇವ್ಳ್ ಕೈಗೆ ಕೊಟ್ರೆ ಮಡಕೆ ಒಡೀತಾಳೆ," ಎಂದು ಲಕ್ಕಮ್ಮನ ಕಡೆ ಗದ್ದ ಎತ್ತಿ ತೋರಿಸಿದಳು. ಬಹಳ ದಿನಗಳ ಮೇಲೆ ಲಕ್ಕಮ್ಮನಿಗೆ ನಗು ಬಂತು.

ಅಕ್ಬರಿ ಮಾರನೆಯ ದಿನ ಹೋದಳು. ಅದರ ಮಾರನೆಯ ದಿನವೂ ಹೋದಳು. ಗೋಣಿಚೀಲದಿಂದ ಮೊದಲು ತಪ್ಪಲೆ ಹೊರಗೆ ಬಂತು, ಆಮೇಲೆ ತವಾ. ಬೆಳಗಿನ ಸುತ್ತು ಮುಗಿಸಿ ನೋರಾ ಕೂಡ ಅಲ್ಲಿ ಇಳಿಯುವುದು ರೂಢಿಯಾಯಿತು. ಕಡೆಯುವವರು ಸರದಿಯಲ್ಲಿ ಬದಲಾಗುತ್ತಿದ್ದರು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಮಜ್ಜಿಗೆಯನ್ನೇ ಒಗ್ಗರಣೆ ಹಾಕಿ ಎಲ್ಲರೂ ಕುಡಿದು ಏಳುತ್ತಿದ್ದರು. ನೋರಾರ ಊರಿನಲ್ಲಿ ಸತ್ತವರ ಮನೆಯಲ್ಲಿ ಗಡಿಯಾರ ನಿಲ್ಲಿಸುತ್ತಾರಂತೆ, ಕನ್ನಡಿಗೆ ಬಟ್ಟೆ ಮುಚ್ಚುತ್ತಾರಂತೆ. ಬಾವಿಯ ಪಕ್ಕದ ಗಿಡಕ್ಕೆ ಹರಕೆಯ ಬಟ್ಟೆ ಚೂರು ಕಟ್ಟುತ್ತಾರಂತೆ. ಅದನ್ನು ಕೇಳಿ ಅಕ್ಬರಿ, ತನ್ನೂರಿನ ದರ್ಗಾದ ಬೇವಿನ ಮರಕ್ಕೂ ಹಾಗೇ ಕಟ್ಟುತ್ತಾರೆ ಎಂದಳು. ಮುನಿವೆಂಕಟಮ್ಮ, "ಇನ್ನೇನು, ಎಲ್ಲಾ ಒಂದೇ ಸಂತೆಗೋದೋರು," ಎಂದಳು.

ಒಂದು ದಿನ ನೋರಾ ತಮ್ಮ ತಾಯಿ ಕೆಂಡ ಕೇಳಿದ ಕತೆಯನ್ನೂ ಹೇಳಿದಾಗ ಮುದುಕಿ ಕೇಳಿದಳು: "ನಿಮ್ಮವ್ವನ್ ಎಸ್ರೇನು ನೂರಮ್ಮಾ?"

"ಬ್ರಿಜಿಡ್."

"ಬಿರಿಜೀ... ಬಿರ್ಜಮ್ಮ." ಮುದುಕಿ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿದಳು. "ಎಂಗಿದ್ರು?"

ತಾಯಿ ಎತ್ತರಕ್ಕಿದ್ದಳು, ಕೆಂಪು ಕೂದಲು, ಹಾಡು ಬರುತ್ತಿತ್ತು, ಹೊರಗೆ ಹಾಡುತ್ತಿರಲಿಲ್ಲ ಎಂದು ನೋರಾ ಹೇಳತೊಡಗಿದರು. ಹಗ್ಗ ಅಕ್ಬರಿಯ ಕೈಯಲ್ಲಿತ್ತು. ಬಿಸಿಲು ಕಾದಿತ್ತು. ಎಲ್ಲರ ಕಿವಿಯೂ ನೋರಾರ ಕಡೆಗಿತ್ತು. ಆದ್ದರಿಂದ ಮಡಕೆಯ ಸದ್ದು ಬದಲಾಗಿದ್ದು ಮೊದಲು ಯಾರ ಗಮನಕ್ಕೂ ಬರಲಿಲ್ಲ. ಅಕ್ಬರಿಯ ತೋಳಿಗೆ ಭಾರ ತಾಗಿತು. ಅವಳು ಒಮ್ಮೆ ಎಳೆದಳು, ಇನ್ನೊಮ್ಮೆ ಎಳೆದಳು, ಆಮೇಲೆ ಬಗ್ಗಿ ನೋಡಿದಳು.

"ಅಜ್ಜೀ," ಎಂದಳು.

ಕಡಗೋಲಿನ ಸುತ್ತ ಹಳದಿ ಕಾಳುಗಳು ಕೂಡಿಕೊಳ್ಳುತ್ತಿದ್ದವು.

ಲಕ್ಕಮ್ಮ ಅಕ್ಬರಿಯ ಬೆನ್ನಿಗೆ ಗುದ್ದಿದಳು, ಆಮೇಲೆ ತಬ್ಬಿಕೊಂಡಳು. ಮುನಿವೆಂಕಟಮ್ಮ ತಣ್ಣೀರಿನಲ್ಲಿ ಕೈ ಅದ್ದಿ ಬೆಣ್ಣೆ ತೆಗೆದು ಉಂಡೆ ಮಾಡಿದಳು. ದೊಡ್ಡದೇನಲ್ಲ, ಒಂದು ನಿಂಬೆಹಣ್ಣಿನಷ್ಟು. ಮೊದಲ ಚೂರನ್ನು ತಾಹೆರಾಳ ಬಾಯಿಗಿಟ್ಟಳು. ಎರಡನೆಯದನ್ನು ನೋರಾರ ಅಂಗೈಯಲ್ಲಿಟ್ಟು, "ಬಿರ್ಜಮ್ಮನ ಎಸ್ರೇಳಿ ತಿನ್ನಿ," ಎಂದಳು.

ನೋರಾ ತಿಂದರು. ಆಮೇಲೆ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು.

ಬೆಣ್ಣೆ ಯಾಕೆ ಹೋಗಿತ್ತು, ಯಾಕೆ ಬಂತು ಎಂಬುದಕ್ಕೆ ಆ ಮನೆಯಲ್ಲಿ ಒಮ್ಮತ ಆಗಲೇ ಇಲ್ಲ. ಚಳಿಗೆ ಹಾಗಾಗಿತ್ತು ಎಂದ ಲಕ್ಕಮ್ಮನ ಗಂಡ ಚಿಕ್ಕಬೈರಪ್ಪ. ಹಸು ಗಬ್ಬವಾಗಿತ್ತು ಅದಕ್ಕೇ, ಎಂದಳು ಲಕ್ಕಮ್ಮ. ಮುದುಕಿ ಮಾತ್ರ ಲಾಳವನ್ನು ಸಿಂಬಿಯಿಂದ ತೆಗೆಯಲು ಬಿಡಲಿಲ್ಲ. ಬ್ಯಾಟರಾಯಪ್ಪ ಮರುವಾರವೇ ಎತ್ತು ಹೊಡೆದುಕೊಂಡು ಮುಜಫ್ಫರನ ಮುಂದೆ ಬಂದು ನಿಂತ. ಯಲಹಂಕದವನು ಮೊಳೆ ಸರಿಯಾಗಿ ಹೊಡೆಯುವುದಿಲ್ಲ ಎಂದು ದೂರಿದ. ಮುಜಫ್ಫರ್ ನಕ್ಕು ಎತ್ತಿನ ಕಾಲು ಹಿಡಿದ.

ಕಡೆಯುವ ಮನೆಗೆ ಬಂದವರು ಹಗ್ಗ ಹಿಡಿಯಬೇಕೆಂಬುದು ಆ ಬೀದಿಯಲ್ಲಿ ಕೆಲವು ವರ್ಷ ನಡೆಯಿತು. ಅಂಚೆಯ ಪಿಳ್ಳಣ್ಣನಿಗೆ ಕೂಡ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ. ಇದು ಯಾವ ದೇಶದ ಪದ್ಧತಿ ಎಂದು ಹೊಸದಾಗಿ ಬಂದ ಸೊಸೆಯರು ಕೇಳಿದರೆ, "ನಮ್ದೇ," ಎನ್ನುತ್ತಿದ್ದಳು ಮುನಿವೆಂಕಟಮ್ಮ.

ಎಂಬತ್ತೊಂದರಲ್ಲಿ ಅಕ್ಬರಿ ತವರಿನಿಂದ ಒಂದು ಎಮ್ಮೆ ಹೊಡೆಸಿಕೊಂಡು ಬಂದಳು. ಅಷ್ಟು ಹೊತ್ತಿಗೆ ಅವರು ಬಾಡಿಗೆ ಕೋಣೆ ಬಿಟ್ಟು ಅದೇ ಬೀದಿಯಲ್ಲಿ ಎರಡಂಕಣದ ಮನೆ ಮಾಡಿದ್ದರು, ಮಡಿಲಲ್ಲಿ ಎರಡನೆಯ ಮಗಳು ನಸೀಮಾ ಇದ್ದಳು. ಮೊದಲ ಸಲ ಮಡಕೆ ಹೂಡಿದ ಬೆಳಿಗ್ಗೆ ಲಕ್ಕಮ್ಮ ಬಂದಳು, ನೋರಾ ಬಂದರು. ಕಣ್ಣು ಮಂಜಾಗಿದ್ದ ಮುನಿವೆಂಕಟಮ್ಮ ಗೋಡೆ ಸವರಿಕೊಂಡು ಎಲ್ಲರಿಗಿಂತ ಹಿಂದೆ ಬಂದು, ಯಾರೂ ಹೇಳುವ ಮೊದಲೇ ಕೂತು, ಹಗ್ಗಕ್ಕೆ ಕೈ ಚಾಚಿದಳು. ಒಂದೆರಡು ಸಲ ಎಳೆದು ನಿಲ್ಲಿಸಿದಳು.

"ಯಾರಮ್ಮಿ ಈ ಅಗ್ಗ ಕಟ್ಟಿದ್ದು? ಸಡ್ಲಾಗೈತೆ."

"ನಾನೇ ಅಜ್ಜಿ," ಎಂದಳು ಅಕ್ಬರಿ.

"ಬಿಚ್ಚು. ಎಂಗೆ ಕಟ್ಟೋದು ಅಂತ ತೋರಿಸ್ತೀನಿ."

ಅಕ್ಬರಿ ಮಗುವನ್ನು ನೋರಾರ ತೊಡೆಗೆ ದಾಟಿಸಿ, ಮುದುಕಿಯ ಪಕ್ಕದಲ್ಲಿ ಕೂತು ಗಂಟು ಬಿಚ್ಚತೊಡಗಿದಳು.